ಅಂಟು ಅಂದರೆ ಯಾವ ಅಂಟು?

2022ರಲ್ಲಿ ನಾನು ನೋಯ್ಡಾದ ಒಂದು ಖಾಸಗಿ ಕಂಪನಿಯಲ್ಲಿ ಸೀನಿಯರ್ ಕೆಮಿಸ್ಟ್ ಆಗಿದ್ದೆ. ಬೆಂಕಿ ಆರಿಸುವ ನೊರೆಯನ್ನು ತಯಾರಿಸಿ ತೈಲ ಡಿಪೋಗಳಿಗೂ ಕಾರ್ಖಾನೆಗಳಿಗೂ ಮಾರುವುದು ಕಂಪನಿಯ ಕಸುಬು. ಮನೆ ದೆಹಲಿಯ ಪೀತಮ್‌ಪುರದಲ್ಲಿ. ಬೆಳಿಗ್ಗೆ ಮೆಟ್ರೋ ಹತ್ತಿ, ಗಾಡಿ ಬದಲಿಸಿ, ಕೊನೆಗೆ ಶೇರ್ ಆಟೋದಲ್ಲಿ ಮುದುಡಿ ಕೂತು ಲ್ಯಾಬ್ ಸೇರುವಷ್ಟರಲ್ಲಿ ಅರ್ಧ ಜೀವ ಹೋಗಿರುತ್ತಿತ್ತು. ಆದರೆ ಲ್ಯಾಬಿನ ಬಾಗಿಲು ತೆಗೆದರೆ ಅದು ನನ್ನ ರಾಜ್ಯ. ನನಗಿಂತ ಹಳಬರು ಅಲ್ಲಿ ಯಾರೂ ಉಳಿದಿರಲಿಲ್ಲ. ತುರುವೇಕೆರೆಯ ನಾಗರತ್ನಳಾದ ನಾನು ಅಲ್ಲಿ ಎಲ್ಲರಿಗೂ ರತ್ನಾ ಜೀ. ನಾನು ಹೇಳಿದ ಮೇಲೆ ಇನ್ನೊಬ್ಬರು ಬಾಯಿ ಹಾಕುವ ಪದ್ಧತಿ ಇರಲಿಲ್ಲ, ಡಾ. ರಘುನಂದನ ಬರುವವರೆಗೆ.

ಅವರ ವಿಷಯಕ್ಕೆ ಬರುವ ಮೊದಲು ನೊರೆಯ ವಿಷಯ ಹೇಳಬೇಕು. ಪೆಟ್ರೋಲಿಗೆ ಬೆಂಕಿ ಬಿದ್ದರೆ ನೀರು ಸುರಿದು ಪ್ರಯೋಜನವಿಲ್ಲ. ನೀರು ತಳಕ್ಕೆ ಇಳಿಯುತ್ತದೆ, ಪೆಟ್ರೋಲ್ ಮೇಲೆ ತೇಲಿಕೊಂಡು ಉರಿಯುತ್ತಲೇ ಇರುತ್ತದೆ. ಅದರ ಮೇಲೆ ನೊರೆಯನ್ನು ಕಂಬಳಿಯ ಹಾಗೆ ಹೊದಿಸಬೇಕು. ಆಗ ಗಾಳಿ ಸಿಗದೆ, ಆವಿ ಏಳದೆ ಬೆಂಕಿ ಸಾಯುತ್ತದೆ. ಬಹಳ ಕಾಲದಿಂದ ನಾವು ಇದಕ್ಕೆ ಫ್ಲೋರಿನ್ ಇರುವ ರಾಸಾಯನಿಕ ಬಳಸುತ್ತಿದ್ದೆವು. ಕೆಲಸದಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ಒಮ್ಮೆ ಮಣ್ಣಿಗೆ ಸೇರಿದರೆ ಅದು ಕರಗುವುದಿಲ್ಲ, ಕೊಳೆಯುವುದಿಲ್ಲ, ಬೋರ್‌ವೆಲ್ ನೀರಿಗೂ ಇಳಿಯುತ್ತದೆ. ಪ್ರಪಂಚದ ಎಲ್ಲ ಕಡೆ ಅದನ್ನು ಬಿಡಿ ಎಂಬ ಒತ್ತಾಯ ಶುರುವಾಗಿತ್ತು.

ಇದಕ್ಕೆ ಬದಲು ಗಿಡಮರದ ಪದಾರ್ಥ ಬಳಸೋಣ ಎಂದು ಮೊದಲು ಹೇಳಿದವಳು ನಾನು. ಇದನ್ನು ಬರೆದೇ ಮುಂದೆ ಹೋಗುತ್ತೇನೆ, ಇಲ್ಲದಿದ್ದರೆ ನನಗೆ ಸಮಾಧಾನವಿಲ್ಲ. ರಘುನಂದನ ಬರುವುದಕ್ಕೆ ಎಷ್ಟೋ ವರ್ಷ ಮೊದಲು ಒಂದು ಮೀಟಿಂಗಿನಲ್ಲಿ ನಾನು ಅಂಟುವಾಳದ ಮಾತೆತ್ತಿದ್ದೆ. ತಲೆಗೆ, ರೇಷ್ಮೆ ಸೀರೆಗೆ ಹಾಕಿ ತೊಳೆಯುವ ಕಾಯಿ, ಹಿಂದಿಯಲ್ಲಿ ರೀಠಾ. ಅದರ ಸಿಪ್ಪೆಯಲ್ಲಿ ಸಪೋನಿನ್ ಎಂಬ ನೊರೆ ಬರಿಸುವ ಅಂಶವಿದೆ. ನಮ್ಮ ಡೈರೆಕ್ಟರ್ ಖನ್ನಾ ಸಾಹೇಬರು ಕೇಳಿ ನಕ್ಕರು. "ರತ್ನಾ ಜೀ, ಅಬ್ ಹಮ್ ಶಾಂಪೂ ಬನಾಯೇಂಗೇ ಕ್ಯಾ?" ಎಂದರು. ನಾವೇನು ಶಾಂಪೂ ಕಂಪನಿಯೇ ಎಂದು ಎಲ್ಲರೂ ಸೇರಿ ನಕ್ಕರು. ನಾನೂ ಹಲ್ಲು ಕಿರಿದೆ.

ಆಮೇಲೆ ದೆಹಲಿಯಲ್ಲೇ ಪಿಎಚ್‌ಡಿ ಮಾಡಿದ, ಜರ್ಮನಿಯಲ್ಲಿ ಸ್ವಲ್ಪ ಕಾಲ ಇದ್ದು ಬಂದ, ಪುತ್ತೂರು ಕಡೆಯ ಡಾ. ರಘುನಂದನರನ್ನು ತಂದು ನನ್ನ ಪಕ್ಕದ ಕ್ಯಾಬಿನ್ನಿನಲ್ಲಿ ಕೂರಿಸಿದರು. ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಬಂದ ಹೊಸದರಲ್ಲೇ ಅವರು ಗೋಡೆಯ ಮೇಲೆ ಬಣ್ಣಬಣ್ಣದ ಸ್ಲೈಡ್ ಹಾಕಿ ಅದೇ ರೀಠಾ, ಅದೇ ಸಪೋನಿನ್ ಎಂದು ವಿವರಿಸಿದರು. ಖನ್ನಾ ಸಾಹೇಬರು ಎದ್ದು ನಿಂತು ಚಪ್ಪಾಳೆ ಹೊಡೆದರು. ಶಾಂಪೂ ಮಾತು ಯಾರ ಬಾಯಲ್ಲೂ ಬರಲಿಲ್ಲ. ರಘುನಂದನರನ್ನು ಪ್ರಾಜೆಕ್ಟ್ ಲೀಡ್ ಮಾಡಿದರು, ನನ್ನನ್ನು ಅವರಿಗೆ ಸಹಾಯಕ್ಕೆ ಹಾಕಿದರು.

ನನಗೆ ಹೊಟ್ಟೆ ಧಗಧಗ ಉರಿಯಿತು. ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ಆ ನೊರೆ ನನ್ನದಾಗಬೇಕಿತ್ತು. ಹತ್ತು ಜನರ ಮುಂದೆ ಬೆಂಕಿ ಆರಿಸಿ, ಇದು ರತ್ನಾ ಜೀ ಮಾಡಿದ್ದು ಎನ್ನಿಸಿಕೊಳ್ಳಬೇಕಿತ್ತು. ಕೆಲಸದಲ್ಲಿ ನನಗಿದ್ದ ಆಸೆ ಅದೊಂದೇ.

ಆ ಮನುಷ್ಯ ಕೆಟ್ಟವರಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಆದರೆ ಅವರು ಎಲ್ಲರಿಗೂ ಬೇಕಾದವರು. ನಾನು ಇಷ್ಟು ವರ್ಷ ಕುಡಿದರೂ ಚಹಾದ ಭಯ್ಯಾ ನನಗೆ ಒಂದು ದಿನ ಶುಂಠಿ ಜಾಸ್ತಿ ಹಾಕಿಕೊಟ್ಟವನಲ್ಲ. ಅವರಿಗೆ ಕೇಳದೆ ಹಾಕಿಕೊಡುತ್ತಿದ್ದ. ನನ್ನ ಹಿಂದಿಯಲ್ಲಿ ಇವತ್ತಿಗೂ ಬಸ್ಸು ಗಂಡೋ ಹೆಣ್ಣೋ ತಿಳಿಯುವುದಿಲ್ಲ, ಅವರದು ನೀರು ಕುಡಿದ ಹಾಗೆ. ನಾನು ಮಾಡಿದ ಕೆಲಸಕ್ಕೆ ಮೀಟಿಂಗಿನಲ್ಲಿ ತಪ್ಪದೆ "ಮೇಡಂಗೆ ಥ್ಯಾಂಕ್ಸ್" ಎನ್ನುತ್ತಿದ್ದರು. ಅದು ಬೇರೆ ಉರಿ. ಮನೆಗೆ ಬಂದು ಹೇಳಿಕೊಂಡರೆ ನಮ್ಮ ಯಜಮಾನರು, ಆಗ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಸೆಕ್ಷನ್ ಆಫೀಸರ್, ಪೇಪರ್ ಕೆಳಗಿಳಿಸದೆ ಹೇಳುತ್ತಿದ್ದರು, "ಬೆಂಕಿ ಆರಿಸೋ ಕಂಪನೀಲಿ ಇದ್ಕೊಂಡು ನಿಂದೊಂದು ಆರಿಸ್ಕೊಳೋಕೆ ಆಗ್ಲಿಲ್ಲ ನೋಡು."

ಆದರೂ ಕೆಲಸಕ್ಕೆ ಮೋಸ ಮಾಡುವ ಜಾತಿ ನಾನಲ್ಲ. ಅಂಟುವಾಳದ ಸಾರದಿಂದ ನೊರೆಯೇನೋ ಉಕ್ಕಿ ಬರುತ್ತಿತ್ತು, ಆದರೆ ಬೇಗ ನೀರು ಬಿಟ್ಟು ಕುಸಿಯುತ್ತಿತ್ತು. ಗುಳ್ಳೆಯ ಗೋಡೆಯಲ್ಲಿ ನೀರು ನಿಲ್ಲಬೇಕಾದರೆ ಜಿಗುಟು ಬೇಕು. ಅದಕ್ಕೆ ಗ್ವಾರ್ ಗಮ್ ಸೇರಿಸಿದೆವು. ಗ್ವಾರ್ ಎಂದರೆ ನಮ್ಮ ಗೋರಿಕಾಯಿ, ಅದರ ಬೀಜದ ಹಿಟ್ಟು. ಹರಿಯಾಣ, ರಾಜಸ್ಥಾನದ ಕಡೆ ಬೇಕಾದಷ್ಟು ಬೆಳೆಯುತ್ತಾರೆ. ಗಮ್ ಕಡಿಮೆಯಾದರೆ ನೊರೆ ನಿಲ್ಲುವುದಿಲ್ಲ, ಹೆಚ್ಚಾದರೆ ನೊರೆ ಏಳುವುದೇ ಇಲ್ಲ, ಅಂಬಲಿಯಾಗುತ್ತದೆ. ಸಾರ ಎಷ್ಟು, ಗಮ್ ಎಷ್ಟು ಎನ್ನುವುದರಲ್ಲೇ ಇಡೀ ಗುಟ್ಟು ಇತ್ತು.

ಗುಟ್ಟು ಎಂದ ಮೇಲೆ ಅದನ್ನು ಕಾಪಾಡುವುದೂ ಬರುತ್ತದೆ. ಬೇರೆ ಕಂಪನಿಗಳ ಡೀಲರುಗಳು, ಪೂರೈಕೆದಾರರು ನಮ್ಮ ಕಾರಿಡಾರಿನಲ್ಲೇ ತಿರುಗಾಡುತ್ತಿದ್ದರು. ನಾವಿಬ್ಬರೂ ದಿನನಿತ್ಯ ಆಡುತ್ತಿದ್ದದ್ದು ದೆಹಲಿ ಕನ್ನಡ. ಸಪೋನಿನ್, ಗಮ್, ರೀಠಾ, ಅಚ್ಛಾ, ಚಲೋ ಎಲ್ಲ ಬೆರೆತ ಮಾತು. ಕನ್ನಡ ಬಾರದವನೂ ನಡುವಿನ ಇಂಗ್ಲಿಷ್ ಕೇಳಿ ಅರ್ಧ ಊಹಿಸಿಬಿಡುತ್ತಿದ್ದ. ಅದಕ್ಕೆ ರಘುನಂದನ ಒಂದು ನಿಯಮ ಮಾಡಿದರು. ಹೊರಗಿನವರು ಪಕ್ಕದಲ್ಲಿದ್ದರೆ ನಮ್ಮಿಬ್ಬರ ಮಾತು ಪೂರ್ತಿ ಕನ್ನಡದಲ್ಲಿ, ಒಂದು ಇಂಗ್ಲಿಷ್ ಪದ ಬರಬಾರದು, ಹಿಂದಿಯೂ ಬೇಡ. ಈ ನಿಯಮ ನನಗೆ ಹಿಡಿಸಿತು. ಅವರ ಯೋಚನೆಗಳಲ್ಲಿ ನನಗೆ ಹಿಡಿಸಿದ್ದು ಬಹುಶಃ ಇದೊಂದೇ.

ಅಕ್ಟೋಬರಿನಲ್ಲಿ ಪರೀಕ್ಷೆ ಗೊತ್ತಾಯಿತು. ಹರಿಯಾಣದ ಕಡೆಯ ಒಂದು ತೈಲ ಡಿಪೋದ ಅಧಿಕಾರಿಗಳು ತಮ್ಮ ಮೈದಾನದಲ್ಲಿ ಬೆಂಕಿ ಹಚ್ಚಿ ತೋರಿಸಿ ಎಂದಿದ್ದರು. ದೆಹಲಿಯ ಸುತ್ತಮುತ್ತ ಚಳಿಗಾಲದ ಹೊಗೆ ಕವಿದರೆ ಬಯಲಲ್ಲಿ ಬೆಂಕಿ ಹಚ್ಚಲು ಅನುಮತಿ ಸಿಗುವುದಿಲ್ಲ. ಆ ಪರೀಕ್ಷೆ ಕೈತಪ್ಪಿದರೆ ಮತ್ತೆ ಹೋಳಿಯ ಹೊತ್ತಿಗೇ ಎಂದು ಎಲ್ಲರಿಗೂ ಗೊತ್ತಿತ್ತು. ಹಿಂದಿನ ದಿನ ರಘುನಂದನ ಮೈದಾನ ನೋಡಲು ಹೋದರು. ಲ್ಯಾಬಿನಲ್ಲಿ ಮಿಶ್ರಣ ಮಾಡುವ ಕೆಲಸ ನನ್ನದು. ಮಧ್ಯಾಹ್ನ ಅವರ ಫೋನ್ ಬಂತು. ಡಿಪೋ ಅಧಿಕಾರಿಗಳ ಕಾರಿನಲ್ಲೇ ಕೂತಿದ್ದರು, ಹಾಗಾಗಿ ಮಾತು ಪೂರ್ತಿ ಕನ್ನಡದಲ್ಲಿತ್ತು.

"ಮೇಡಂ, ನಿನ್ನೆ ನೊರೆ ಸರಿ ಬರಲಿಲ್ಲ. ಅಂಟು ಒಂದೂವರೆ ಪಟ್ಟು ಮಾಡಿ."

"ಅಷ್ಟೊಂದಾ? ಈಗ್ಲೇ ಸಾಕಷ್ಟಿದೆಯಲ್ಲ?"

"ಇರ್ಲಿ ಮೇಡಂ. ಇಲ್ಲಿ ಗಾಳಿ ಜೋರಿದೆ. ಅಂಟು ಜಾಸ್ತಿನೇ ಬೇಕು."

ನನಗೆ ಜಾಸ್ತಿಯಾಯಿತು ಅನ್ನಿಸಿತು. ಕೇಳಿದ್ದೆ, ಅವರು ಎರಡನೇ ಸಲವೂ ಅದನ್ನೇ ಹೇಳಿದರು. ಲೀಡ್ ಅವರು, ಡಾಕ್ಟರೇಟ್ ಅವರದು. ಗಮ್ಮನ್ನು ಗ್ಲಿಸರಿನ್‌ನಲ್ಲಿ ಕಲೆಸಿಟ್ಟಿದ್ದೆವು. ಹಾಗೆ ಕಲೆಸಿದರೆ ಅದು ತೆಳ್ಳಗೆ ಸುರಿಯುತ್ತದೆ, ನೀರು ಕುಡಿದು ದಪ್ಪವಾಗಲು ಒಂದು ರಾತ್ರಿ ಬೇಕು. ಹೇಳಿದಷ್ಟನ್ನು ಅಳೆದು ಹಾಕಿ, ಡ್ರಮ್ಮಿಗೆ ಸೀಲ್ ಮಾಡಿ ಮನೆಗೆ ಹೋದೆ.

ಮರುದಿನ ಮೈದಾನದಲ್ಲಿ ಒಂದು ಕೋಣೆಯಷ್ಟು ಅಗಲದ ಕಬ್ಬಿಣದ ತಟ್ಟೆಯಲ್ಲಿ ನೀರು ತುಂಬಿ, ಅದರ ಮೇಲೆ ಪೆಟ್ರೋಲ್ ಸುರಿದು ಬೆಂಕಿ ಕೊಟ್ಟರು. ಸ್ವಲ್ಪ ಹೊತ್ತು ಉರಿಯಲು ಬಿಟ್ಟು ರಘುನಂದನ ಕೈ ಸನ್ನೆ ಮಾಡಿದರು. ನಳಿಗೆಯಿಂದ ಬಂದದ್ದು ನೊರೆಯಲ್ಲ. ಮುದ್ದೆಮುದ್ದೆಯಾಗಿ ಗಂಜಿ ಬಂತು. ಹನಿಹನಿ ಉದುರಿ ಪೆಟ್ರೋಲಿನೊಳಗೆ ಮುಳುಗಿತು. ಬೆಂಕಿ ಅಷ್ಟೇ ಜೋರಾಗಿ ಉರಿಯುತ್ತಿತ್ತು. ಕೊನೆಗೆ ಡಿಪೋದವರು ತಮ್ಮ ಗಾಡಿಯಲ್ಲಿದ್ದ ಹಳೆಯ ನೊರೆ ಬಿಟ್ಟರು, ನೋಡನೋಡುತ್ತ ಬೆಂಕಿ ಸತ್ತಿತು.

ಆ ಹಳೆಯ ನೊರೆಯೂ ನಮ್ಮ ಕಂಪನಿಯದೇ. ಅದರ ಮಿಶ್ರಣ ನಾನು ಮಾಡಿದ್ದು. ಸ್ಲೈಡು, ಜರ್ಮನಿ ಏನೂ ಇಲ್ಲದ ನನ್ನ ನೊರೆ ಮಾನ ಉಳಿಸಿತಲ್ಲ ಎಂದು ನನಗೆ ತಡೆಯಲಾರದಷ್ಟು ಖುಷಿಯಾಯಿತು. ಬೇಡವೆಂದರೂ ಮುಖದ ಮೇಲೆ ನಗು ಬಂದುಬಿಟ್ಟಿತು. ಆ ನಗುವನ್ನು ಖನ್ನಾ ಸಾಹೇಬರು ನೋಡಿದರು.

ಆಫೀಸಿಗೆ ವಾಪಸು ಬಂದ ಕೂಡಲೇ ನಮ್ಮಿಬ್ಬರನ್ನೂ ಕರೆಸಿದರು. ಮಿಶ್ರಣ ಮಾಡಿದ್ದು ಯಾರು ಎಂದು ಕೇಳಿದರು. ನಾನು ಎಂದೆ. ಗಮ್ ಯಾಕೆ ಇಷ್ಟು ಎಂದರು. ಡಾಕ್ಟರ್ ಸಾಹೇಬರೇ ಫೋನಿನಲ್ಲಿ ಹೆಚ್ಚು ಮಾಡಲು ಹೇಳಿದರು ಎಂದೆ.

ರಘುನಂದನ ನನ್ನತ್ತ ತಿರುಗಿ ನೋಡಿದರು. ಆಮೇಲೆ ನಿಧಾನವಾಗಿ ಹಿಂದಿಯಲ್ಲಿ ಹೇಳಿದರು, "ಸರ್, ಮೈನೇ ರೀಠಾ ಬಢಾನೇ ಕೋ ಕಹಾ ಥಾ. ಗಮ್ ನಹೀಂ."

ತಾನು ಹೇಳಿದ್ದು ರೀಠಾ, ಗಮ್ ಅಲ್ಲ ಎಂದು ಎದುರಿಗೇ ಅಂದುಬಿಟ್ಟರು. ನನ್ನ ಕಿವಿಯನ್ನೇ ನಾನು ನಂಬಲಿಲ್ಲ. ಇಷ್ಟು ಸಂಭಾವಿತರಾಗಿ ಕಾಣುವ ಮನುಷ್ಯ ಇಷ್ಟು ಸಲೀಸಾಗಿ ಸುಳ್ಳು ಹೇಳಬಲ್ಲರೇ? ನಾನೂ ಬಿಡಲಿಲ್ಲ. ಗಮ್ ಅಂತಲೇ ಹೇಳಿದ್ದು, ಎರಡು ಸಲ ಹೇಳಿದರು ಎಂದೆ. ಗಮ್, ರೀಠಾ, ಗಮ್, ರೀಠಾ ಎಂದು ಇಬ್ಬರೂ ಹಿಂದಿಯಲ್ಲಿ ಕಿತ್ತಾಡಿದೆವು. ಫೋನಿನಲ್ಲಿ ಆಡಿದ್ದ ಆ ಕನ್ನಡ ಪದ ಮಾತ್ರ ಒಬ್ಬರ ಬಾಯಲ್ಲೂ ಬರಲಿಲ್ಲ. ಡೈರೆಕ್ಟರ್ ಮುಂದೆ ಕನ್ನಡ ಆಡುವುದು ಮರ್ಯಾದೆಯಲ್ಲ ಎಂದು ಇಬ್ಬರೂ ಅಂದುಕೊಂಡಿದ್ದೆವು.

ಖನ್ನಾ ಸಾಹೇಬರು ಕೈ ಎತ್ತಿ ನಿಲ್ಲಿಸಿದರು. ನನ್ನ ಕಡೆ ನೋಡಿ ದನಿ ತಗ್ಗಿಸಿ ಹೇಳಿದರು, "ರತ್ನಾ ಜೀ, ಆಪ್ ವಹಾಂ ಮುಸ್ಕುರಾ ರಹೀ ಥೀಂ."

ಅಲ್ಲಿ ನಗುತ್ತಿದ್ದಿರಿ ಎಂದರು. ನನಗೆ ರಘುನಂದನರನ್ನು ಕಂಡರಾಗದು ಎನ್ನುವುದು ಚಹಾದ ಭಯ್ಯಾನಿಗೂ ಗೊತ್ತಿದ್ದ ಸಂಗತಿ. ಬೇಕೆಂದೇ ಹಾಳು ಮಾಡಿದಳು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಸದ್ಯಕ್ಕೆ ನೀವು ಹಳೆಯ ನೊರೆಯ ಕ್ವಾಲಿಟಿ ನೋಡಿಕೊಳ್ಳಿ, ಹೊಸ ನೊರೆಯ ಲ್ಯಾಬಿಗೆ ಬರುವುದು ಬೇಡ ಎಂದರು ಅಷ್ಟೆ. ಮಾರನೆಯ ದಿನ ನನ್ನ ಕಾರ್ಡಿಗೆ ಆ ಬಾಗಿಲು ತೆರೆಯಲಿಲ್ಲ. ಗಾಜಿನಾಚೆ ನನ್ನ ಅಂಟುವಾಳ, ನನ್ನ ಗೋರಿಬೀಜದ ಹಿಟ್ಟು ಕಾಣುತ್ತಿತ್ತು. ಕಾರಿಡಾರಿನಲ್ಲಿ ನಿಂತು ಅತ್ತುಬಿಟ್ಟೆ.

ಆ ಭಾನುವಾರ ಯಜಮಾನರು ಬೇಡ ಬೇಡ ಎನ್ನುತ್ತಿದ್ದರೂ ರಿಕ್ಷಾ ಹತ್ತಿ ಪಕ್ಕದ ರೋಹಿಣಿ ಬಡಾವಣೆಯಲ್ಲಿದ್ದ ರಘುನಂದನರ ಮನೆಗೆ ಹೋದೆ. ಜಗಳವಾಡುವುದಕ್ಕೇ ಹೋದದ್ದು. ಕನ್ನಡದಲ್ಲಿ, ಹೊಟ್ಟೆ ತುಂಬ. ಅವರ ಹೆಂಡತಿ ವಿದ್ಯಾ ಬಾಗಿಲು ತೆಗೆದು "ಬನ್ನಿ ಅಕ್ಕಾ, ಕಾಫಿ ಮಾಡ್ತೇನೆ" ಎಂದು ಒಳಗೆ ಹೋದರು. ಕಾಫಿ ಬರುವವರೆಗೂ ನನಗೆ ತಾಳ್ಮೆ ಇರಲಿಲ್ಲ.

"ಅಂಟುವಾಳದ ಯೋಚನೆ ನಂದು ರಘುನಂದನ್ ಅವರೇ. ನೀವು ಈ ಕಂಪನಿಗೆ ಕಾಲಿಡೋಕ್ ಮುಂಚೆ ನಾನು ಹೇಳಿದ್ದೆ. ನಕ್ಕು ಮೂಲೆಗೆ ತಳ್ಳಿದ್ರು. ಅದನ್ನೇ ನೀವು ಹೇಳಿದ್ರಿ, ದೊಡ್ಡ ಮನುಷ್ಯರಾದ್ರಿ. ಆಯ್ತು, ಆಗಿ. ಆದ್ರೆ ನನ್ನ ಮೇಲೆ ಸುಳ್ಳು ಯಾಕೆ ಹೇಳಿದ್ರಿ?"

ಅವರು ಪೆಚ್ಚಾಗಿ ಕೂತರು. "ನೀವು ಮೊದ್ಲೇ ಹೇಳಿದ್ದು ನನಗೆ ಗೊತ್ತೇ ಇಲ್ಲ ಮೇಡಂ. ಯಾರೂ ಹೇಳ್ಲಿಲ್ಲ. ಆದ್ರೆ ಫೋನಲ್ಲಿ ನಾನು ಗಮ್ ಅಂದಿಲ್ಲ, ಆಣೆ ಮಾಡ್ತೇನೆ."

ನಾನು ಬಾಯಿ ತೆರೆಯುವಷ್ಟರಲ್ಲಿ ಅವರ ಮಗಳು ಅನ್ವಿತಾ ಬಚ್ಚಲುಮನೆಯ ಬಾಗಿಲಿಂದ ತಲೆ ಹೊರಹಾಕಿದಳು. ದೆಹಲಿಯಲ್ಲೇ ಹುಟ್ಟಿ ಬೆಳೆದ, ಕಾಲೇಜಿಗೆ ಹೋಗುವ ಹುಡುಗಿ. ಕೂದಲು ಬಿಚ್ಚಿತ್ತು.

"ಮಮ್ಮೀ, ಅಂಟು ಖತಮ್ ಆಯ್ತು. ಅಬ್ ಬಾಲ್ ಕೈಸೇ ತೊಳೀಲಿ?"

"ಅಟ್ಟದ ಡಬ್ಬೀಲಿ ನೋಡು," ವಿದ್ಯಾ ಅಡುಗೆಮನೆಯಿಂದಲೇ ಅಂದರು. "ಅಜ್ಜಿ ಕಳ್ಸಿದ್ದು ಉಂಟು."

ನಾನು ಹುಡುಗಿಯ ಕಡೆ ತಿರುಗಿದೆ. "ಏನಮ್ಮ ಖತಮ್ ಆಗಿದ್ದು?"

"ಅಂಟು, ಆಂಟಿ. ಮತ್ಲಬ್... ರೀಠಾ."

ರಘುನಂದನರ ಮುಖದ ಬಣ್ಣ ಇಳಿದದ್ದನ್ನು ನಾನು ನೋಡಿದೆ. ನನ್ನದೂ ಇಳಿದಿರಬೇಕು.

"ನಿಮ್ಮನೇಲಿ ಅಂಟುವಾಳಕ್ಕೆ ಅಂಟು ಅಂತೀರಾ?" ಎಂದೆ.

"ಮೊದ್ಲಿಂದ್ಲೂ ಹಾಗೇ ಮೇಡಂ. ನಿಮ್ಮ ಕಡೆ?"

"ನಮ್ ಕಡೆ ಅಂಟು ಅಂದ್ರೆ ಅಂಟು. ಕಾಗದ ಅಂಟಿಸೋದು. ಮತ್ತೆ ನೀವು ಗಮ್ಮಿಗೆ ಏನಂತೀರಿ?"

"ಗಮ್ ಅಂತೇವೆ. ಇಲ್ಲಾಂದ್ರೆ ಗೋಂದು."

ಅಲ್ಲಿಗೆ ಎಲ್ಲ ತಿಳಿಯಿತು. ದಿನಾ ಆಡುವ ಬೆರಕೆ ಮಾತಿನಲ್ಲಿ ಗಮ್ ಗಮ್ಮೇ, ರೀಠಾ ರೀಠಾನೇ, ಒಂದು ದಿನವೂ ಎಡವಟ್ಟಾಗಿರಲಿಲ್ಲ. ಹೊರಗಿನವರಿಗೆ ತಿಳಿಯಬಾರದು ಎಂದು ಶುದ್ಧ ಕನ್ನಡ ಆಡಿದ ಹೊತ್ತಿನಲ್ಲೇ ನಮಗೆ ನಾವೇ ತಿಳಿಯದೆ ಹೋದೆವು. ಅವರು ಹೇಳಿದ ಅಂಟು ಬೇರೆ, ನಾನು ಹಾಕಿದ ಅಂಟು ಬೇರೆ. ವಿದ್ಯಾ ಕಾಫಿ ತಂದವರು ಸಂಗತಿ ಕೇಳಿ ಸೋಫಾದ ಮೇಲೆ ಕೂತು ನಗತೊಡಗಿದರು, ರಘುನಂದನರೂ ನಕ್ಕರು. ನನಗೆ ನಗು ಬರಲಿಲ್ಲ. ಲ್ಯಾಬಿನಿಂದ ಹೊರಗೆ ಬಿದ್ದವಳು ನಾನು. ನಾಳೆ ಖನ್ನಾ ಮುಂದೆ ಇವರ ಮುಖ ಹೇಗಿರುತ್ತದೆ ನೋಡೋಣ ಎಂದುಕೊಂಡು ಕಾಫಿ ಕುಡಿದೆ. ಕಾಫಿ ಚೆನ್ನಾಗಿತ್ತು, ಅದಕ್ಕೂ ಸಿಟ್ಟು ಬಂತು.

ಸೋಮವಾರ ರಘುನಂದನ ನನಗಿಂತ ಮೊದಲೇ ಬಂದಿದ್ದರು. ಎಲ್ಲರ ಮುಂದೆ ನಿಂತು, ತಪ್ಪು ನನ್ನದು ಎಂದರು. ನಿಯಮ ಮಾಡಿದ್ದು ನಾನು, ಆಮೇಲೆ ನಮ್ಮನೆಯ ಮಾತನ್ನು ಊರಿನ ಮಾತು ಅಂದುಕೊಂಡವನೂ ನಾನು, ಮೇಡಂ ನಾನು ಹೇಳಿದ್ದನ್ನೇ ಹಾಕಿದ್ದಾರೆ ಎಂದರು. ಅಷ್ಟಕ್ಕೇ ನಿಲ್ಲಿಸಲಿಲ್ಲ. ರೀಠಾದ ಯೋಚನೆ ನನಗಿಂತ ಎಷ್ಟೋ ಮುಂಚೆ ಮೇಡಂ ಹೇಳಿದ್ದರಂತೆ, ಲೀಡ್ ಅವರೇ ಆಗುವುದು ನ್ಯಾಯ, ನಾನು ಅವರ ಕೈಕೆಳಗೆ ಕೆಲಸ ಮಾಡುತ್ತೇನೆ ಎಂದರು.

ಖನ್ನಾ ಸಾಹೇಬರು ನನ್ನ ಕ್ಷಮೆ ಕೇಳಿದರು, ಅದು ನಿಜ. ಹಳೆಯ ಶಾಂಪೂ ಮಾತು ನೆನಪಾಗಿ ತಲೆ ಕೆರೆದುಕೊಂಡರು, ನನ್ನನ್ನು ಲೀಡ್ ಮಾಡಿದರು, ಕಾರ್ಡಿಗೆ ಬಾಗಿಲು ತೆರೆಯುವಂತಾಯಿತು. ಆದರೆ ಊಟದ ಹೊತ್ತಿಗೆ ಇಡೀ ಆಫೀಸಿನಲ್ಲಿ ಒಂದೇ ಮಾತು. ಡಾಕ್ಟರ್ ಸಾಹೇಬರದು ಎಂಥ ಬಡಾ ದಿಲ್, ಎಷ್ಟು ದೊಡ್ಡ ಮನಸ್ಸು. ತಪ್ಪು ಮಾಡದೆ ಅವಮಾನ ತಿಂದವಳ ದಿಲ್ ವಿಚಾರ ಯಾರೂ ಕೇಳಲಿಲ್ಲ. ನಾನು ಇಷ್ಟು ವರ್ಷ ಬಯಸಿದ್ದು ನನ್ನ ಕೈಗೆ ಬಂತು, ಅದೂ ಅವರು ಕೊಟ್ಟದ್ದಾಗಿ ಬಂತು. ಬೇಡ ಎಂದೆನೇ? ಖಂಡಿತ ಇಲ್ಲ. ಎರಡೂ ಕೈ ಚಾಚಿ ತೆಗೆದುಕೊಂಡೆ.

ಚಳಿಗಾಲವಿಡೀ ಒಟ್ಟಿಗೆ ಕೆಲಸ ಮಾಡಿದೆವು. ಶುದ್ಧ ಕನ್ನಡದ ನಿಯಮ ರದ್ದಾಯಿತು. ಒಂದೇ ಭಾಷೆಯವರು ಎಂಬ ಧೈರ್ಯದಲ್ಲಿ ಬಿಡಿಸಿ ಕೇಳದಿದ್ದರೆ ಏನಾಗುತ್ತದೆ ಎಂದು ಇಬ್ಬರಿಗೂ ಬುದ್ಧಿ ಬಂದಿತ್ತು. ಹೋಳಿ ಮುಗಿದ ಮೇಲೆ ಅದೇ ಮೈದಾನದಲ್ಲಿ ಮತ್ತೆ ಬೆಂಕಿ ಹಚ್ಚಿದರು. ಈ ಸಲ ಕೈ ಸನ್ನೆ ಮಾಡಿದವಳು ನಾನು. ನೊರೆ ಬೆಳ್ಳಗೆ, ದಪ್ಪಗೆ ಬಂತು. ತಟ್ಟೆಯ ಅಂಚಿಗೆ ಬಡಿದು, ಹರಡಿಕೊಂಡು, ನಡುವಿನ ಜ್ವಾಲೆಯನ್ನು ಮುಚ್ಚಿತು. ಆಮೇಲೆ ಬರ್ನ್‌ಬ್ಯಾಕ್ ಪರೀಕ್ಷೆ, ಅಂದರೆ ಉರಿಯುವ ಒಂದು ಪುಟ್ಟ ಪಾತ್ರೆಯನ್ನು ನೊರೆಯ ನಡುವೆ ಇಟ್ಟು, ಬೆಂಕಿ ಮತ್ತೆ ಹಬ್ಬುತ್ತದೆಯೇ ಎಂದು ಕಾಯುವುದು. ಗಡುವು ಮುಗಿಯುವವರೆಗೂ ನೊರೆ ಬಿರುಕು ಬಿಡಲಿಲ್ಲ. ಡಿಪೋ ಅಧಿಕಾರಿಗಳು ಬಂದು ನನ್ನ ಕೈ ಕುಲುಕಿದರು. ಇದು ರತ್ನಾ ಜೀ ಮಾಡಿದ್ದು ಎಂದು ಖನ್ನಾ ಸಾಹೇಬರು ತಮ್ಮ ಬಾಯಲ್ಲೇ ಹೇಳಿದರು.

ಆ ಮಾತು ಕಿವಿಗೆ ಬಿದ್ದ ಕೂಡಲೇ ನಾನು ಹುಡುಕಿದ್ದು ರಘುನಂದನರ ಮುಖವನ್ನು. ಅಲ್ಲಿ ಸ್ವಲ್ಪವಾದರೂ ಕಹಿ ಕಾಣಬೇಕಿತ್ತು ನನಗೆ. ಆಗ ಲೆಕ್ಕ ಸರಿಹೋಗುತ್ತಿತ್ತು. ಅವರು ಹಗ್ಗದಾಚೆ ನಿಂತು, ಮೊಬೈಲ್ ಎತ್ತಿ ಹಿಡಿದು, ನನ್ನ ಫೋಟೋ ತೆಗೆಯುತ್ತಿದ್ದರು. ಹತ್ತಿರ ಹೋದೆ.

"ನಿಜ ಹೇಳಿ. ನಿಮಗೆ ಒಂಚೂರೂ ಹೊಟ್ಟೆ ಉರೀಲಿಲ್ವಾ?"

ಅವರು ಪ್ರಶ್ನೆಯೇ ಅರ್ಥವಾಗದವರ ಹಾಗೆ ನನ್ನನ್ನು ನೋಡಿದರು. ಆಮೇಲೆ ತಟ್ಟೆಯ ಕಡೆ ಕೈ ತೋರಿಸಿದರು.

"ಯಾಕೆ ಮೇಡಂ? ಬೆಂಕಿ ಆರಿತಲ್ಲ."

ನೊರೆ ಯಾರದಾದರೇನು, ಬೆಂಕಿ ಆರಬೇಕು. ನಿವೃತ್ತಳಾಗಿ ಕೂತು ಯೋಚಿಸಿದರೆ, ಇಷ್ಟು ವರ್ಷದ ಕೆಲಸ ನನಗೆ ಕಲಿಸಲು ಹೊರಟಿದ್ದ ಪಾಠ ಇದೇ ಇರಬೇಕು, ಒಪ್ಪುತ್ತೇನೆ. ಆದರೆ ಅದನ್ನೂ ನನಗಿಂತ ಮೊದಲು ಅವರೇ ಹೇಳಬೇಕಿತ್ತೇ ಎಂದು ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.